ಕೊಲ್ಲಿಯಲ್ಲಿ ಸೀಟು ಹಿಡಿದದ್ದು

ಮೂರು ಹಗಲು, ಎರಡು ರಾತ್ರಿ ಹಡಗಿನಲ್ಲಿ ಇದ್ದೆವು ಎಂದು ಟಿಕೆಟ್ಟು ಹೇಳುತ್ತದೆ. ನನ್ನ ತಲೆಯಲ್ಲಿ ಉಳಿದಿರುವುದು ಒಂದೂವರೆ ದಿನ. ಬಾಕಿಯದ್ದನ್ನು ಫೋಟೋ ನೋಡಿ ತುಂಬಿಸಬಹುದು. ಆದರೆ ಆ ಫೋಟೋಗಳನ್ನು ನಾನು ನಂಬುವುದಿಲ್ಲ, ಅವುಗಳಲ್ಲಿ ನಾವೆಲ್ಲ ನಗುತ್ತಿದ್ದೇವೆ.

ವಿಯೆಟ್ನಾಂನ ಆ ಕೊಲ್ಲಿಯ ಹೆಸರು ಬರೆಯುವುದಿಲ್ಲ. ಅದಕ್ಕೆ ಸಿಕ್ಕಿರುವ ಪ್ರಚಾರವೇ ಹೆಚ್ಚಾಗಿದೆ. ಸಮುದ್ರದ ನಡುವೆ ಸುಣ್ಣಕಲ್ಲಿನ ಗುಡ್ಡಗಳು ನೆಟ್ಟಗೆ ನಿಂತಿವೆ. ಚೆಂದವೇ. ಆದರೆ ಒಂದೊಂದು ಗುಡ್ಡದ ಬುಡದಲ್ಲೂ ಹತ್ತು ಬಿಳಿ ಹಡಗುಗಳು, ಪ್ರತಿ ಹಡಗಿನ ಅಂಚಿನಲ್ಲೂ ಕೈಯೆತ್ತಿ ಫೋನು ಹಿಡಿದ ಜನ. ಸಂಜೆ ಕಾಲೇಜು ಬಿಟ್ಟ ಹೊತ್ತಿಗೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇದಕ್ಕಿಂತ ಹೆಚ್ಚು ಜಾಗ ಇರುತ್ತದೆ. ಅಲ್ಲಿ ಯಾರೂ ಅದನ್ನು ಪ್ರಶಾಂತತೆ ಎಂದು ಮಾರುವುದೂ ಇಲ್ಲ.

ನಾವು ಹೋದದ್ದು ಅಕ್ಕನಿಗಾಗಿ. ಅವಳ ನೋಟ ಸುತ್ತಲಿಂದ ಮುಚ್ಚುತ್ತ ಬಂದು, ಈಗ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ. ನೋಡಬೇಕಾದದ್ದನ್ನು ತಡ ಮಾಡದೆ ನೋಡಿ ಎಂದಿದ್ದರು ಡಾಕ್ಟರು. ಎಲ್ಲಿಗೆ ಹೋಗುವ ಎಂದು ಭಾವ ಕೇಳಿದಾಗ ಅಕ್ಕ, ನೀರಲ್ಲಿ ನಿಂತ ಗುಡ್ಡ ನೋಡಬೇಕು ಎಂದಳಂತೆ. ಹೇಳಿದ್ದು ಪುತ್ತೂರಿನ ದರ್ಬೆಯ ಮನೆಯಲ್ಲಿ ಎನ್ನುತ್ತಾನೆ ಭಾವ, ಆಸ್ಪತ್ರೆಯ ಮೆಟ್ಟಿಲಲ್ಲಿ ಎನ್ನುತ್ತಾಳೆ ಅಕ್ಕ. ನೀನೂ ಅಲ್ಲೇ ಇದ್ದೆ ಎಂದು ಇಬ್ಬರೂ ನನಗೆ ಆಣೆ ಮಾಡಿ ಹೇಳುತ್ತಾರೆ. ನನಗೆ ನೆನಪಿಲ್ಲ.

ಹಡಗಿನ ಗೈಡು ಮೈಕು ಹಿಡಿದು ಪ್ರತಿ ಗುಡ್ಡಕ್ಕೂ ಒಂದೊಂದು ಪ್ರಾಣಿಯನ್ನು ಹಂಚುತ್ತಿದ್ದ. ಇದು ಕೋಳಿ, ಅದು ಆಮೆ, ಆಚೆಯದ್ದು ನಾಯಿ. ಗುಡ್ಡ ಗುಡ್ಡದ ಹಾಗೆ ಇದ್ದರೆ ಸಾಲದೇನೋ.

"ನಾಯಿಯಾದ್ರೆ ಬಾಲ ಎಲ್ಲುಂಟು ಮಾರಾಯ?" ಎಂದು ಭಾವ ನನ್ನನ್ನು ಕೇಳಿದ. ಆದರೂ ಬಿಡದೆ ಅಕ್ಕನಿಗೆ ತೋರಿಸಿದ. "ಅಗೋ, ಬಲಗಡೆ!"

"ಎಲ್ಲಿ?"

"ಛೆ, ಹೋಯ್ತು."

ನಾನೂ ಅದನ್ನೇ ಮಾಡುತ್ತಿದ್ದೆ, ಎಡಗಡೆಯಿಂದ.

ಎರಡನೇ ದಿನ ಇರಬೇಕು, ತಗ್ಗಿನ ಗುಹೆಯೊಂದರ ಮೂಲಕ ಸಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗುವ ಕಾರ್ಯಕ್ರಮ. ಗುಹೆಯ ಆಚೆ ಸುತ್ತಲೂ ಗುಡ್ಡ, ನಡುವೆ ನೀರು. ಮುಂದಿನ ಸೀಟು ಸಿಕ್ಕಿದರೆ ಅಕ್ಕನಿಗೆ ಯಾರೂ ಅಡ್ಡ ಬರುವುದಿಲ್ಲ. ಮೂವತ್ತು ವರ್ಷ ಪುತ್ತೂರಿನಿಂದ ಕೊಯಿಲಕ್ಕೆ ಕಡಬದ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬಂದ ಭಾವನಿಗೆ ಸೀಟು ಹಿಡಿಯುವ ವಿದ್ಯೆ ಒಂದೇ ಗೊತ್ತು. ಬಸ್ಸು ನಿಲ್ಲುವ ಮೊದಲೇ ಹೆಗಲ ಮೇಲಿನ ಬೈರಾಸನ್ನು ಕಿಟಕಿಯೊಳಗೆ ಎಸೆಯುವುದು. ಬಟ್ಟೆ ಬಿದ್ದರೆ ಸೀಟು ನಮ್ಮದು. ಜಾಗದ ಗಡಿಗೆ ಕೋರ್ಟು ಹತ್ತುವವನೂ ಆ ಬೈರಾಸನ್ನು ಮುಟ್ಟದೆ ಕಂಬಿ ಹಿಡಿದು ನಿಲ್ಲುತ್ತಾನೆ.

ಭಾವ ಹಡಗಿನ ಅಂಚಿನಿಂದ ಕೆಳಗಿನ ದೋಣಿಗೆ ಬೈರಾಸು ಎಸೆದ. ಗುರಿ ತಪ್ಪಲಿಲ್ಲ. ದೋಣಿ ನಡೆಸುವ ಹೆಂಗಸು ಅದನ್ನು ಎತ್ತಿಕೊಂಡಳು, ಮೇಲೆ ನೋಡಿ ಕೃತಜ್ಞತೆಯಿಂದ ನಕ್ಕಳು, ಒದ್ದೆಯಾಗಿದ್ದ ಹಲಗೆಗಳನ್ನೆಲ್ಲ ಚೆನ್ನಾಗಿ ಒರೆಸಿ, ಹಿಂಡಿ, ದೋಣಿಯ ಮೂತಿಗೆ ಒಣಗಲು ಹಾಕಿದಳು. ಒರೆಸಿದ ಮುಂದಿನ ಸೀಟಿನಲ್ಲಿ ಒಂದೇ ತರದ ಟೋಪಿ ಹಾಕಿದ ಗಂಡಹೆಂಡತಿ ಬಂದು ಕೂತರು.

"ಓ ಮಾರಾಯ್ತಿ! ಅದು ಸೀಟು ಹಿಡಿದದ್ದು! ಒರೆಸ್ಲಿಕ್ಕೆ ಅಲ್ಲ!"

"ನೀವು ಕನ್ನಡದಲ್ಲಿ ಬೊಬ್ಬೆ ಹಾಕಿದ್ರೆ ಅವಳಿಗೆ ಎಂತ ಗೊತ್ತಾಗ್ತದೆ?" ಎಂದಳು ಅಕ್ಕ.

"ತುಳುವಿನಲ್ಲಿ ಹೇಳ್ಲಾ?"

"ಅದೊಂದು ಬಾಕಿ."

ಅಕ್ಕನಿಗೆ ಸಿಕ್ಕಿದ್ದು ಕೊನೆಯ ಹಲಗೆ. ಅವಳ ಮುಂದೆ ಗುಡ್ಡದಂಥದ್ದೇ ಒಬ್ಬ ಆಸಾಮಿ, ಕೇಸರಿ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ. ಹಿಂತಿರುಗಿದ ಮೇಲೆ ಎಂತ ಕಂಡಿತು ಎಂದು ಕೇಳಿದೆ.

"ಬೆಲ್ಟಿನ ಬಕಲ್. ಕಪ್ಪು, ಪ್ಲಾಸ್ಟಿಕ್ಕಿನದ್ದು."

ಗುಹೆಯಲ್ಲಿ ದೋಣಿಗಳು ಸಿಕ್ಕಿಹಾಕಿಕೊಂಡು, ನಮ್ಮ ದೋಣಿ ಹಿಂದುಮುಂದಾಗಿ, ಅಕ್ಕನ ಹಲಗೆಯೇ ಮುಂದಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಒಂದು ಮದುವೆಯ ಊಟದಲ್ಲಿ ಹಾಗೆಯೇ ಹೇಳಿದ್ದೇನೆ ಕೂಡ; ಕೇಳಿದವರು ಸಂತೋಷದಿಂದ ಸೊರ್ರನೆ ಪಾಯಸ ಸುರಿದರು. ದೋಣಿ ತಿರುಗಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಎಲ್ಲರೂ ಕೆಳಗೆ ಅಡುಗೆ ಕಲಿಯುತ್ತಿದ್ದರು. ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚದವರೂ ಅಕ್ಕಿಹಾಳೆಯಲ್ಲಿ ಸೊಪ್ಪು ಸುತ್ತಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದರು. ಮೇಲೆ ನಾವು ಮೂವರೇ. ಅಕ್ಕನ ಆಚೆ ಈಚೆ ನಿಂತು ನಾನೂ ಭಾವನೂ ಬೆರಳು ಎತ್ತಿದ್ದೇ ಎತ್ತಿದ್ದು.

"ನೀವಿಬ್ಬರು ಸ್ವಲ್ಪ ಸುಮ್ಮನೆ ಇರ್ತೀರಾ?" ಎಂದಳು. "ಬಂದಾಗಿನಿಂದ ಅಗೋ, ಇಗೋ. ನಾನು ತಿರುಗುವಾಗ ನಿಮ್ಮದು ಮುಗಿದಿರ್ತದೆ."

"ಮತ್ತೆ ಹೇಗೆ ನೋಡುದು ನೀನು?" ಎಂದ ಭಾವ.

"ಒಂದು ಗುಡ್ಡ. ಒಂದೇ ಸಾಕು ನನಗೆ."

ಅವಳು ಆರಿಸಿಕೊಂಡದ್ದು ಗೈಡು ಯಾವ ಪ್ರಾಣಿಯನ್ನೂ ಹಂಚದೆ ಬಿಟ್ಟಿದ್ದ ಗುಡ್ಡ. ನೀರು ಮುಟ್ಟುವಲ್ಲಿಂದ ಶುರು ಮಾಡಿದಳು. ಮುಖವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಒಯ್ದು, ಕೂದಲೆಳೆಯಷ್ಟು ಮೇಲಕ್ಕೆತ್ತಿ, ಮತ್ತೆ ಎಡದಿಂದ. ನಾನು ಆ ಗುಡ್ಡವನ್ನು ಎರಡು ನಿಮಿಷದಲ್ಲಿ ಮುಗಿಸಿ ಫೋನು ತೆಗೆದೆ. ಆಮೇಲೆ ನಾಚಿಕೆಯಾಗಿ ಜೇಬಿಗೆ ಹಾಕಿದೆ ಎಂದು ಬರೆಯುವ ಆಸೆಯಿದೆ. ಖಾತ್ರಿ ಇಲ್ಲ.

ಎಷ್ಟು ಹೊತ್ತೋ, ಹಡಗಿನ ಇಂಜಿನ್ನು ಗುರುಗುಟ್ಟಿತು. ಗುಡ್ಡ ಪಕ್ಕಕ್ಕೆ ಜಾರತೊಡಗಿತು.

"ನಿಲ್ಲಿಸ್ಲಿಕ್ಕೆ ಹೇಳಿ," ಎಂದಳು ಅಕ್ಕ, ಮುಖ ತಿರುಗಿಸದೆ.

ಭಾವ ಓಡಿದ. ಹಡಗು ನಡೆಸುವವನು ಹಿಂದಕ್ಕೆ ಕೈ ತೋರಿಸಿದನಂತೆ. ನಮ್ಮ ಜಾಗಕ್ಕೆ ಕಾಯುತ್ತ ನಾಲ್ಕು ಹಡಗು ಸಾಲಾಗಿ ನಿಂತಿದ್ದವು. ಭಾವ ಏದುಸಿರು ಬಿಡುತ್ತ ಹಿಂತಿರುಗಿದಾಗ ಅಲ್ಲಿ ಬೇರೆ ಗುಡ್ಡ ಇತ್ತು.

"ಕಂಡಿತಾ?"

"ಅರ್ಧ. ಮರ ಶುರುವಾಗುವಲ್ಲಿವರೆಗೆ."

"ಮೇಲಿನದ್ದು ನಾನು ನೋಡಿದ್ದೇನೆ, ಹೇಳ್ತೇನೆ ಕೇಳು..."

"ಬೇಡ," ಎಂದಳು ಅಕ್ಕ.