ಹಾಡು ತೆಗೆದ ಮೇಲೆ

ಮನುಷ್ಯರ ಮಾತೆಂದರೆ ಚನಿಯಪ್ಪನಿಗೆ ಆಗುತ್ತಿರಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ ಎಂದಲ್ಲ. ಅವನ ಬಾಯಿಗೆ ಬೀಗ ಹಾಕುವವರು ಗುರುವಾಯನಕೆರೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ತಾನು ತೆಗೆಯುವ ಮದುವೆ ವೀಡಿಯೊದೊಳಗೆ ಬೇರೆಯವರು ಮಾತಾಡುವುದು ಅವನಿಗೆ ಸೇರುತ್ತಿರಲಿಲ್ಲ. “ಮದುವೆ ಮನೆಯಲ್ಲಿ ಎಂಥ ಮಾತು ಮಾರಾಯ? ಸಾರಿಗೆ ಉಪ್ಪಿಲ್ಲ, ಕುರ್ಚಿ ಸಾಕಾಗ್ಲಿಲ್ಲ, ಮಗು ಅಳ್ತದೆ. ಅದನ್ನೆಲ್ಲ ಕ್ಯಾಸೆಟ್ಟಲ್ಲಿ ಯಾರಿಗೆ ಬೇಕು? ಒಂದು ಒಳ್ಳೆ ಹಾಡು ಹಾಕಿದ್ರೆ ಮದುವೆಯೇ ಸಿನಿಮಾ ಆಗ್ತದೆ” ಎನ್ನುತ್ತಿದ್ದ.

ಅವನ ಊರು ಶಿರ್ತಾಡಿ. ಮಂಗಳೂರಿನ ಯಾವುದೋ ಸ್ಟುಡಿಯೊದಲ್ಲಿ ಕೆಲಸ ಕಲಿತು ಬಂದು, ತೊಂಬತ್ತರ ದಶಕದ ಆರಂಭದಲ್ಲಿ ಗುರುವಾಯನಕೆರೆಯಲ್ಲಿ ನನ್ನ ಎಸ್‌.ಟಿ.ಡಿ. ಬೂತಿನ ಪಕ್ಕದ ಕೋಣೆ ಹಿಡಿದ. ಬೋರ್ಡಿನಲ್ಲಿ ತನ್ನ ಹೆಸರು ಹಾಕಲು ಅವನಿಗೆ ನಾಚಿಕೆ. ‘ನಕ್ಷತ್ರ ವೀಡಿಯೊ’ ಎಂದು ಬರೆಸಿ, ಸುತ್ತ ಬಣ್ಣದ ಬಲ್ಬು ಹಾಕಿಸಿದ. ಊರಿನವರು ಮಾತ್ರ ಕೊನೆಯವರೆಗೂ ಚನಿಯಪ್ಪನ ಅಂಗಡಿ ಎಂದೇ ಕರೆದರು.

ಕೆಲಸದಲ್ಲಿ ಜೋರಿದ್ದ, ಅದನ್ನು ಇಲ್ಲವೆನ್ನಲಾರೆ. ಮದುಮಗಳ ಮುಖವನ್ನು ಹೃದಯದ ಆಕಾರದೊಳಗೆ ತೋರಿಸುವುದು, ಊಟದ ಎಲೆಗಳ ಮೇಲೆ ಗುಲಾಬಿ ಅರಳಿಸುವುದು, ಇದೆಲ್ಲ ಈ ಕಡೆಗೆ ತಂದವನು ಅವನೇ. ಹೊಸ ಹಿಂದಿ ಸಿನಿಮಾದ ಹಾಡು ಬಂದರೆ ಮೂಡಬಿದ್ರೆಗೆ ಬಸ್ಸು ಹತ್ತಿ ಆಡಿಯೊ ಕ್ಯಾಸೆಟ್ ತಂದೇ ಬಿಡುತ್ತಿದ್ದ. ಆಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಮಿಕ್ಸಿಂಗಿಗೆ ಕೂರುತ್ತಿದ್ದ. ಮಿಕ್ಸಿಂಗ್ ಎಂದರೆ ಮದುವೆಯ ಸದ್ದನ್ನು ಪೂರ್ತಿ ತೆಗೆದು ಅದರ ಜಾಗದಲ್ಲಿ ಹಾಡು ತುಂಬುವುದು. ಮಿಕ್ಸಿಂಗ್ ಆದ ಕ್ಯಾಸೆಟ್ಟು ಮದುವೆ ಮನೆಗೆ ಹೋಗುತ್ತಿತ್ತು. ಮೂಲದ ಕ್ಯಾಸೆಟ್ಟು ಮತ್ತೆ ಕ್ಯಾಮರಾದೊಳಗೆ ಹೋಗಿ, ಅದರ ಮೇಲೆ ಇನ್ನೊಬ್ಬರ ಮದುವೆ ಏರುತ್ತಿತ್ತು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಪುಂಜಾಲಕಟ್ಟೆಯ ಬೀಯಮ್ಮನ ಮಗಳು ರಶೀನಾಳ ಮದುವೆ ತೊಂಬತ್ತೊಂಬತ್ತರಲ್ಲಿ ನಡೆಯಿತು. ಬೀಯಮ್ಮನ ಗಂಡ ಮೂಸಬ್ಬ ಒಣಮೀನಿನ ವ್ಯಾಪಾರಿ, ಮಕ್ಕಳು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದ. ದೊಡ್ಡ ಮಗ ಅಬ್ದುಲ್ ಸಲಾಂ ಸೌದಿಯ ದಮ್ಮಾಮಿನಲ್ಲಿದ್ದ, ಅವನಿಗೆ ರಜೆ ಸಿಕ್ಕಿರಲಿಲ್ಲ. ಹಾಗಾಗಿ ತಂಗಿಯ ಮದುವೆಯ ಓಡಾಟವೆಲ್ಲ ಕಿರಿಯವನಾದ ನಿಝಾರನ ತಲೆಯ ಮೇಲೆ ಬಿತ್ತು. ಊಟಕ್ಕೆ ನಾನೂ ಹೋಗಿದ್ದೆ. ಮಧ್ಯಾಹ್ನ, ಬೆವರಿ ಒದ್ದೆಯಾದ ಅಂಗಿಯಲ್ಲಿಯೇ ನಿಝಾರ್ ಬಂದು ಚನಿಯಪ್ಪನ ಕ್ಯಾಮರಾದ ಎದುರು ನಿಂತ. “ಚನಿಯಪ್ಪಣ್ಣ, ನನ್ನದೊಂದು ಸ್ವಲ್ಪ ತೆಗೆಯಿರಿ. ಅಣ್ಣನಿಗೆ ಎರಡು ಮಾತು ಹೇಳ್ಲಿಕ್ಕುಂಟು” ಎಂದ.

ಎರಡು ಮಾತು ಎಂದವನು ತುಂಬ ಹೊತ್ತು ಮಾತಾಡಿದ. ನಾನು ದೂರದ ಬೆಂಚಿನಲ್ಲಿದ್ದೆ, ಜನರೇಟರ್ ಬೇರೆ ಕಿರುಚುತ್ತಿತ್ತು, ಒಂದಕ್ಷರವೂ ಕೇಳಿಸಲಿಲ್ಲ. ಕಂಡದ್ದಿಷ್ಟು: ಚಪ್ಪರ ತೋರಿಸಿದ, ಅಡಿಗೆಯ ದೊಡ್ಡ ಪಾತ್ರೆಗಳನ್ನು ತೋರಿಸಿದ, ನಕ್ಕ. ಕೊನೆಗೆ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಆಗ ನಗುತ್ತಿರಲಿಲ್ಲ.

ಚನಿಯಪ್ಪ ಅದರ ಮೇಲೂ ಹಾಡು ಹಾಕಿದ. ಅಣ್ಣ ತಮ್ಮಂದಿರ ಪ್ರೀತಿಯ ಹಾಡೇ ಬೇಕೆಂದು ಇಡೀ ದಿನ ಹುಡುಕಿ ಹಾಕಿದ. ಕ್ಯಾಸೆಟ್ಟು ನೋಡಿದವರು ಹೊಗಳಿದ್ದೇ ಹೊಗಳಿದ್ದು. ನಿಝಾರನೂ ಹೊಗಳಿದ. ಸಲಾಂ ಅಲ್ಲಿಂದ ಫೋನು ಮಾಡಿ, “ನೀನು ಎಂಥ ಹೇಳಿದ್ದು, ಕೇಳ್ಲಿಕ್ಕೇ ಇಲ್ವಲ್ಲ?” ಎಂದಾಗ ನಿಝಾರ್ ನನ್ನ ಬೂತಿನಲ್ಲಿಯೇ ನಿಂತು ನಕ್ಕು, “ಅಲ್ಲಿಗೆ ಬಂದ ಮೇಲೆ ಹೇಳ್ತೇನೆ” ಎಂದ. ಮುಂದಿನ ವರ್ಷ ಅವನೂ ರಿಯಾದಿಗೆ ಹೋದ. ಅಲ್ಲಿ ಹೇಳಿದನೋ ಇಲ್ಲವೋ, ಬದುಕಿರುವವರು ಆಡಿದ ಮಾತನ್ನು ಯಾರು ಕಾಪಿಟ್ಟುಕೊಳ್ಳುತ್ತಾರೆ?

ಎರಡು ಸಾವಿರದ ಆರರಲ್ಲಿ ನಿಝಾರ್ ಹೋದ. ಕೆಲಸ ಮುಗಿಸಿ ಬರುವ ವ್ಯಾನು ಹೆದ್ದಾರಿಯಲ್ಲಿ ಮಗುಚಿತು. ಅಲ್ಲಿಯೇ ದಫನ ಮಾಡಿದರು. ತಾಯಿಗೆ ಮುಖ ನೋಡಲು ಸಿಗಲಿಲ್ಲ, ಒಂದು ಹಿಡಿ ಮಣ್ಣು ಹಾಕಲೂ ಸಿಗಲಿಲ್ಲ.

ಕೆಲವು ತಿಂಗಳು ಕಳೆದು ಬೀಯಮ್ಮ ಬಸ್ಸಿಳಿದು ನೇರ ಚನಿಯಪ್ಪನ ಅಂಗಡಿಗೆ ಬಂದಳು. ನಾನೂ ಅಲ್ಲಿಯೇ ಚಾ ಕುಡಿಯುತ್ತಾ ಕೂತಿದ್ದೆ.

“ಚನಿಯಪ್ಪ, ಮುಖ ಫೋಟೋದಲ್ಲಿ ಉಂಟು ನನಗೆ. ಸ್ವರ ಮರೆತು ಹೋಗ್ತಾ ಉಂಟು. ಮೊನ್ನೆ ನೆನಪು ಮಾಡ್ಲಿಕ್ಕೆ ನೋಡಿದೆ, ಸಲಾಂನ ಸ್ವರವೇ ಬರ್ತದೆ. ಮದುವೆ ಕ್ಯಾಸೆಟ್ಟಲ್ಲಿ ಅವನು ಮಾತಾಡಿದ್ದಾನಲ್ಲ, ಹಾಡು ಹಾಕುವ ಮೊದಲಿನದ್ದು ನಿನ್ನ ಹತ್ರ ಇರ್ತದಲ್ಲ, ಅದೊಂದು ಕೊಡು.”

ಆ ಮೂಲ ಕ್ಯಾಸೆಟ್ಟಿನ ಮೇಲೆ ಮರುವಾರವೇ ಶಿರ್ತಾಡಿಯ ಯಾರದೋ ಮದುವೆ ಏರಿ, ಅದರ ಮೇಲೆ ಇನ್ನೊಂದು ಏರಿ, ಕೊನೆಗೆ ಕ್ಯಾಸೆಟ್ಟೇ ಬೂಸ್ಟು ಹಿಡಿದು ಕಸಕ್ಕೆ ಹೋಗಿತ್ತು. ಚನಿಯಪ್ಪನ ಬಾಯಿಂದ ಬಂದದ್ದು ಮಾತ್ರ ಬೇರೆ. “ಹುಡುಕ್ತೇನೆ ಬೀಯಮ್ಮ” ಎಂದ.

ಅವಳು ಹೋದ ಮೇಲೆ ನಾನು ಚೆನ್ನಾಗಿ ಬೈದೆ. “ಇಲ್ಲದ್ದನ್ನು ಎಲ್ಲಿ ಹುಡುಕ್ತೀಯಾ? ಇಲ್ಲ ಅಂತ ಹೇಳಿ ಮುಗಿಸು ಮಾರಾಯ.”

“ಮುಂದಿನ ಸಲ ಬಂದಾಗ ಹೇಳ್ತೇನೆ ಸುಬ್ಬಯ್ಯಣ್ಣ” ಎಂದ.

ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ ಅವನದ್ದು. ಮೂಡಬಿದ್ರೆಯ ಮಗಳ ಮನೆಗೆ ಹೋಗುವಾಗೆಲ್ಲ ಬೀಯಮ್ಮ ಇಲ್ಲಿ ಇಳಿಯುತ್ತಿದ್ದಳು. “ಸಿಕ್ಕಿತಾ ಚನಿಯಪ್ಪ?” ಎಂದು ಬಾಗಿಲಲ್ಲಿ ನಿಂತೇ ಕೇಳುತ್ತಿದ್ದಳು. “ಇನ್ನೊಂದು ಪೆಟ್ಟಿಗೆ ಉಂಟು ಅಟ್ಟದಲ್ಲಿ, ಅದು ನೋಡ್ಬೇಕು” ಎಂದು ಇವನು ಹೇಳುತ್ತಿದ್ದ. ಅವಳು ತಲೆಯಾಡಿಸಿ ಮುಂದಿನ ಬಸ್ಸು ಹಿಡಿಯುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು. ಅಷ್ಟರಲ್ಲಿ ನನ್ನ ಬೂತು ಸೈಬರ್ ಸೆಂಟರ್ ಆಗಿತ್ತು, ಚನಿಯಪ್ಪನ ಗಿರಾಕಿಗಳೆಲ್ಲ ಬೆಳ್ತಂಗಡಿಯ ಹೊಸ ಸ್ಟುಡಿಯೊಗಳ ಪಾಲಾಗಿದ್ದರು. ಹಳೆಯ ಕ್ಯಾಸೆಟ್ಟುಗಳನ್ನು ಸಿ.ಡಿ. ಮಾಡಿಕೊಡುವುದೊಂದೇ ಅವನಿಗೆ ಉಳಿದ ಕೆಲಸ. ರಶೀನಾಳ ಮದುವೆಯದ್ದನ್ನೂ ಮಾಡಿಕೊಟ್ಟಿದ್ದ.

ಆ ಸಿ.ಡಿ.ಯಿಂದ ನಿಝಾರ್ ಮಾತಾಡುವ ತುಂಡನ್ನು ಸಲಾಂ ದಮ್ಮಾಮಿನಿಂದ ಇಂಟರ್‌ನೆಟ್ಟಿಗೆ ಏರಿಸಿದ, ನೆಂಟರೆಲ್ಲ ನೋಡಲಿ ಎಂದು. ಬೀಯಮ್ಮನಿಗೂ ನನ್ನ ಸೆಂಟರಿನಲ್ಲಿ ಎರಡು ಮೂರು ಸಲ ತೋರಿಸಿದ್ದೆ. ತುಟಿ ಮಗನದ್ದು, ಸ್ವರ ಸಿನಿಮಾದ್ದು. ಆದರೂ ಕಣ್ಣು ಕೀಳದೆ ನೋಡುತ್ತಿದ್ದಳು.

ಎರಡು ಸಾವಿರದ ಒಂಬತ್ತರಲ್ಲಿ ಹಾಡಿನ ದೊಡ್ಡ ದೊಡ್ಡ ಕಂಪೆನಿಗಳೇ ಒಟ್ಟು ಸೇರಿ, ಹಾಡಿನ ವೀಡಿಯೊ ತೋರಿಸಲು ಇಂಟರ್‌ನೆಟ್ಟಿನಲ್ಲಿ ತಮ್ಮದೇ ಒಂದು ಅಂಗಡಿ ಹಾಕಿದವು. ಅಂಗಡಿ ಹಾಕಿದವನು ಮೊದಲು ಮಾಡುವುದೇನು? ಬೀದಿಯಲ್ಲಿ ಅದೇ ಸಾಮಾನು ಇಟ್ಟವರನ್ನು ಎಬ್ಬಿಸುವುದು. ಎಲ್ಲೆಲ್ಲಿ ತಮ್ಮ ಹಾಡು ಉಂಟೆಂದು ಅವರ ಯಂತ್ರ ಹುಡುಕಿತು. ಹುಡುಕುತ್ತಾ ಬಂದು ಪುಂಜಾಲಕಟ್ಟೆಯ ಚಪ್ಪರದಡಿ ನಿಂತ ನಿಝಾರನನ್ನೂ ಹಿಡಿಯಿತು. ಹಾಡು ಅವರದ್ದೇ. ಕೇಳದೆ ಹಾಕಿದವನು ನಮ್ಮವನೇ. ಕಾನೂನು ಕೇಳಿದರೆ ಅವರೇ ಸರಿ. ಹಾಗೆಂದು ನನ್ನ ಸಿಟ್ಟು ಇಳಿಯುವುದಿಲ್ಲ.

ಇದ್ಯಾವುದೂ ನನಗೆ ಗೊತ್ತಾಗುವ ಮೊದಲೇ ಒಂದು ದಿನ ಬೆಳಿಗ್ಗೆ ಬೀಯಮ್ಮ ಬಂದಳು. ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟಿದ್ದಳು, ಕೈಯಲ್ಲಿ ಕರಿದ ಬೆಲ್ಲದಪ್ಪದ ಪೊಟ್ಟಣ. ಅವಳ ಮುಖದಲ್ಲಿ ಅಂಥ ಕಳೆ ನಾನು ಮಗಳ ಮದುವೆಯ ದಿನವೂ ಕಂಡಿರಲಿಲ್ಲ.

“ಸುಬ್ಬಯ್ಯ, ನಿನ್ನೆ ಸಲಾಂ ಫೋನ್ ಮಾಡಿದ್ದ. ಅದರಲ್ಲಿದ್ದ ಹಾಡನ್ನು ಕಂಪೆನಿಯವರು ತೆಗೆದಿದ್ದಾರಂತೆ. ಅವನು ಬೇಜಾರಲ್ಲಿ ಹೇಳ್ತಾನೆ, ಹುಚ್ಚ! ಹಾಡು ಹೋದ್ರೆ ಒಳ್ಳೆಯದೇ ಆಯ್ತಲ್ಲ? ಇನ್ನು ನಿಝಾರನ ಸ್ವರ ಕೇಳ್ತದಲ್ಲ? ಅಲ್ಲಾಹು ಆ ಕಂಪೆನಿಯವರಿಗೆ ಒಳ್ಳೆಯದು ಮಾಡ್ಲಿ. ಚನಿಯಪ್ಪನ ಕೈಯಲ್ಲಿ ಆಗದ್ದು ಅವರ ಕೈಯಲ್ಲಿ ಆಯ್ತು.”

ನೀರು ಬಸಿದ ಮೇಲೆ ಕೆಳಗೆ ಅಕ್ಕಿ ಉಳಿಯುವ ಹಾಗೆ, ಹಾಡು ತೆಗೆದರೆ ಅಡಿಯಲ್ಲಿ ಮಗ ಇರುತ್ತಾನೆಂದು ಅವಳ ಲೆಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಪಕ್ಕದಂಗಡಿಗೆ ಹೋಗಿ ಚನಿಯಪ್ಪನನ್ನು ಕರೆದುಕೊಂಡು ಬಂದಳು. “ಬಾ, ನೀನೂ ಕೇಳು. ಪಾಪ, ಎಷ್ಟು ಪೆಟ್ಟಿಗೆ ಹುಡುಕಿದ್ದೀ. ಇನ್ನು ಹುಡುಕುವುದು ಬೇಡ.”

“ನನಗೆ ಸ್ವಲ್ಪ ಕೆಲಸ ಉಂಟು ಬೀಯಮ್ಮ...”

“ಕೆಲಸ ಆಮೇಲೆ ಮಾಡುವ. ಕೂತ್ಕೋ.”

ಚನಿಯಪ್ಪ ಕೂತ. ವೀಡಿಯೊ ನಿಧಾನವಾಗಿ ಇಳಿಯುತ್ತಿತ್ತು. ಕರೆಂಟು ಹೋಗಲಿ ಎಂದು ನಾನು ಜೀವನದಲ್ಲಿ ಮೊದಲ ಸಲ ದೇವರನ್ನು ಬೇಡಿದ್ದು ಆಗಲೇ. ದಿನಾ ಹೋಗುವ ಕರೆಂಟು ಅಂದು ಹೋಗಲಿಲ್ಲ.

ನಿಝಾರ್ ಬಂದು ನಿಂತ. ತುಟಿಗಳು ಆಡಿದವು. ಸದ್ದಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ಹಾಡಿನ ಒಡೆಯರ ಒಪ್ಪಿಗೆ ಇಲ್ಲದ್ದರಿಂದ ಸದ್ದು ನಿಲ್ಲಿಸಲಾಗಿದೆ ಎಂದು.

“ಸೌಂಡ್ ಹೆಚ್ಚು ಮಾಡು ಸುಬ್ಬಯ್ಯ.”

ಮಾಡಿದೆ. ಸ್ಪೀಕರಿನಲ್ಲಿ ಉಸ್ಸೆಂಬ ಸದ್ದು ಬಿಟ್ಟರೆ ಏನಿಲ್ಲ. ಬೀಯಮ್ಮ ಕುರ್ಚಿಯಿಂದ ಮುಂದೆ ಬಾಗಿ, ಕಿವಿಯ ಮೇಲಿನ ಸೆರಗು ಸರಿಸಿ, ಸ್ಪೀಕರಿಗೆ ಕಿವಿಯಿಟ್ಟಳು. ನಿಝಾರ್ ಚಪ್ಪರ ತೋರಿಸಿದ, ನಕ್ಕ, ಎದೆಯ ಮೇಲೆ ಕೈಯಿಟ್ಟ, ಮುಗಿಯಿತು.

“ಮೆಲ್ಲ ಮಾತಾಡಿದ್ದಾನಾ? ಇನ್ನೊಮ್ಮೆ ಹಾಕು.”

ಇನ್ನೊಮ್ಮೆ ಹಾಕಿದೆ. ಚನಿಯಪ್ಪ ಮಧ್ಯದಲ್ಲಿಯೇ ಎದ್ದು ನಿಂತ. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಆಗ ಹೊರಗೆ ಬಂತು. “ಇಲ್ಲ ಬೀಯಮ್ಮ. ಅಡಿಯಲ್ಲಿ ಏನೂ ಇಲ್ಲ. ಹಾಡು ಹಾಕುವಾಗಲೇ ನಾನು ಅವನ ಸ್ವರ ತೆಗೆದಾಗಿತ್ತು. ಮೊದಲಿನ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತೆಗೆದಿದ್ದೇನೆ. ಅಟ್ಟದಲ್ಲಿ ಪೆಟ್ಟಿಗೆಯೂ ಇಲ್ಲ. ನಾನು ಹುಡುಕಿದ್ದೂ ಇಲ್ಲ.”

ಬೀಯಮ್ಮ ಸ್ಪೀಕರಿನಿಂದ ಕಿವಿ ತೆಗೆದು ಅವನ ಕಡೆ ತಿರುಗಿದಳು. ಬೈದಿದ್ದರೆ ನಮಗಿಬ್ಬರಿಗೂ ಉಪಕಾರವಾಗುತ್ತಿತ್ತು. “ನೀನು ಎದುರೇ ನಿಂತಿದ್ದೆಯಲ್ಲ? ನಿನ್ನ ಕಿವಿಗೆ ಬಿದ್ದಿರ್ಬೇಕು. ಎಂಥ ಹೇಳಿದ ಅವನು? ಎದೆ ಮುಟ್ಟಿ ಎಂಥ ಹೇಳಿದ?”

ಸುಳ್ಳು ಹೇಳುವುದಿದ್ದರೆ ಅದೇ ಹೊತ್ತು. ‘ಉಮ್ಮನನ್ನು ನೋಡಿಕೊಳ್ತೇನೆ ಅಂದ’ ಎಂದು ಆ ತಾಯಿಗೆ ಹೇಳಿದ್ದರೆ ದೇವರೂ ಕ್ಷಮಿಸುತ್ತಿದ್ದ. ಇವನಿಗೆ ಸತ್ಯದ ಮುಹೂರ್ತ ಬಂದದ್ದು ಆಗಲೇ.

“ನಾನು ಕೇಳಿಸಿಕೊಳ್ಳಲಿಲ್ಲ ಬೀಯಮ್ಮ. ಮುಖದ ಮೇಲೆ ಬೆಳಕು ಸರಿ ಬೀಳ್ತದಾ ಅಂತ ನೋಡ್ತಿದ್ದೆ.”

ಅವಳು ಎದ್ದಳು. ಬೆಲ್ಲದಪ್ಪದ ಪೊಟ್ಟಣ ಮೇಜಿನ ಮೇಲೆಯೇ ಇತ್ತು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು ಹೇಳಿದಳು. “ಹುಡುಕ್ತೇನೆ ಅಂತ ಹೇಳ್ತಿದ್ದೆಯಲ್ಲ ಚನಿಯಪ್ಪ. ಹಾಗೆಯೇ ಹೇಳ್ತಾ ಇರಬಹುದಿತ್ತು. ನಾನು ಸಾಯುವವರೆಗೆ ಬಂದು ಕೇಳಿ ಹೋಗ್ತಿದ್ದೆ.”

ಆಮೇಲೆ ಅವಳು ಗುರುವಾಯನಕೆರೆಯಲ್ಲಿ ಇಳಿಯಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕಂಡರೂ ಮುಖ ಆಚೆ ಇರುತ್ತಿತ್ತು.

ಅವಳು ಎದ್ದು ಹೋದ ದಿನ ಸಂಜೆ ನಾನು ಆ ಕಂಪೆನಿಗಳ ಅಂಗಡಿ ಹುಡುಕಿ ತೆರೆದೆ. ಮೊದಲು ಒಂದು ಸೋಪಿನ ಜಾಹೀರಾತು, ಆಮೇಲೆ ಅದೇ ಹಾಡು. ಕನ್ನಡಿಯಷ್ಟು ಸ್ವಚ್ಛ ಚಿತ್ರ, ಗಂಟೆಯಂಥ ಸ್ವರ, ಇಬ್ಬರು ನಟರು ಗುಡ್ಡದ ಮೇಲೆ ತಬ್ಬಿಕೊಂಡು ಕುಣಿಯುತ್ತಿದ್ದರು. ಹಾಡಿನ ಒಂದು ಕೂದಲೂ ಕೊಂಕಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಚನಿಯಪ್ಪ ಆ ದಿನದಿಂದ ಯಾವ ಮದುವೆಗೂ ಹಾಡು ಹಾಕಲಿಲ್ಲ. ಅಪರೂಪಕ್ಕೆ ಸಿಕ್ಕ ಮದುವೆಗಳನ್ನು ಇದ್ದ ಸದ್ದಿನಲ್ಲೇ ಕೊಟ್ಟ, ಪಾತ್ರೆ ಬೀಳುವುದು, ಮಗು ಅಳುವುದು, ಕುರ್ಚಿಗೆ ಜಗಳ ಎಲ್ಲ ಸೇರಿಸಿ. ಜನ ಸಿ.ಡಿ. ವಾಪಸು ತಂದು ಬೈದರು. “ಇದೆಂಥ ಮದುವೆಯಾ, ಸಂತೆಯಾ?” ಎಂದರು. ಬಣ್ಣದ ಬಲ್ಬುಗಳು ಒಂದೊಂದೇ ಹೋದವು, ಅವನು ಹೊಸದು ಹಾಕಲಿಲ್ಲ.

ಮರುವರ್ಷ ಸಲಾಂನ ಮಗಳ ಮದುವೆ ಬಂತು. ನಡೆದದ್ದನ್ನು ಬೀಯಮ್ಮ ಮಗನಿಗೆ ಹೇಳಿರಲಿಲ್ಲವೆಂದು ಕಾಣುತ್ತದೆ. “ವೀಡಿಯೊಗೆ ನಮ್ಮ ಚನಿಯಪ್ಪಣ್ಣನೇ ಆಗ್ಬೇಕು” ಎಂದು ಸಲಾಂ ಹಟ ಹಿಡಿದ. ಚನಿಯಪ್ಪ ಹೋಗುವುದಿಲ್ಲವೆಂದ. ನಾನೇ ಒತ್ತಾಯ ಮಾಡಿ ಕಳಿಸಿದೆ. ಅವನು ಕ್ಯಾಮರಾಕ್ಕೆ ಬೇರೆ ಮೈಕು ಸಿಕ್ಕಿಸಿಕೊಂಡು ಹೋದ. ಪ್ರತಿಯೊಬ್ಬರ ಎದುರೂ ನಿಂತು, “ಏನಾದ್ರೂ ಮಾತಾಡಿ, ಗಟ್ಟಿಯಾಗಿ ಮಾತಾಡಿ” ಎಂದು ಬೇಡಿಕೊಂಡ. ಜನ ಇವನಿಗೆ ತಲೆ ಕೆಟ್ಟಿದೆಯೆಂದು ನಕ್ಕರು, ನಗುತ್ತಲೇ ಮಾತಾಡಿದರು.

ಅದು ಅವನ ಕೊನೆಯ ಮದುವೆ. ಮರುತಿಂಗಳೇ ಕೋಣೆ ಬಿಟ್ಟು ಶಿರ್ತಾಡಿಗೆ ಹೋದ. ಹೋಗುವಾಗ ಆ ಸಿ.ಡಿ.ಯ ಒಂದು ಪ್ರತಿಯನ್ನು ನನಗೆ ಕೊಟ್ಟ, ನೋಡಿದೆ. ಸಲಾಂನ ಮಾತು ಉಂಟು, ರಶೀನಾಳ ನಗು ಉಂಟು, ಅಡಿಗೆಯವರ ಬೈಗುಳವೂ ಉಂಟು. ಕೊನೆಯಲ್ಲಿ ಒಳಗಿನ ಕೋಣೆಯ ಮಂಚದ ಮೇಲೆ ಬೀಯಮ್ಮ ಕೂತಿದ್ದಾಳೆ. “ಬೀಯಮ್ಮ, ಒಂದು ಮಾತು. ಒಂದೇ ಒಂದು ಮಾತು ಹೇಳಿ” ಎಂದು ಚನಿಯಪ್ಪನ ಸ್ವರ ಕೇಳುತ್ತದೆ. ಅವಳು ಕ್ಯಾಮರಾವನ್ನೇ ನೋಡುತ್ತಾಳೆ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಳ್ಳುತ್ತಾಳೆ, ಅವನು ಹೊರಗೆ ಹೋಗುವವರೆಗೂ ಕೈ ತೆಗೆಯುವುದಿಲ್ಲ.