ವರದಿಯಲ್ಲಿ ಇಲ್ಲದ ಸಾಲು

ಈ ಬರಹದಲ್ಲಿ ದೋಷಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಬರೆಯಲು ಕುಳಿತರೆ ಇಂದಿಗೂ ಅಳುಕು. ಆದರೆ ನಾನು ಕ್ಷಮೆ ಕೇಳುತ್ತಿರುವುದು ಬರಹದ ದೋಷಕ್ಕೆ ಮಾತ್ರ. ನನ್ನ ಗಂಡನ ತಂಗಿ ನಾಗವೇಣಿಯ ಮದುವೆಯನ್ನು ಮುರಿದವಳು ನಾನು. ಒಂದು ಸುಳ್ಳಿನಿಂದ — ಯೋಚಿಸಿ, ಸಮಯ ಕಾದು ಹೇಳಿದ ಸುಳ್ಳಿನಿಂದ — ಮುರಿದೆ.

ಆಗ ನನಗೆ ಐದು ತಿಂಗಳು ತುಂಬಿತ್ತು. ಕುಮಟಾದಲ್ಲಿ ಸ್ಕ್ಯಾನ್ ಮಾಡಿದವರು ಮಂಗಳೂರಿಗೆ ಹೋಗಿ ಎಂದರು. ಮಗುವಿನ ಹೃದಯದಲ್ಲಿ ರಂಧ್ರವಿದೆ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ಕಿರಿದಾಗಿದೆ, ಹುಟ್ಟಿ ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ಅಲ್ಲಿನ ವೈದ್ಯೆ ವಿವರಿಸಿದರು. ಸರ್ಕಾರದ ಯೋಜನೆ ಭರಿಸಿದ ಮೇಲೂ ನಾವು ಹೊಂದಿಸಬೇಕಾದ ಮೊತ್ತವನ್ನು ಕೇಳಿ ನನ್ನ ಗಂಡ ಗೋಡೆಗೆ ಒರಗಿ ಕುಳಿತುಬಿಟ್ಟರು. ಅವರು ಬಿಲ್ಲು ಕಟ್ಟಲು ಹೊರಗೆ ಹೋದಾಗ ನಾನು ಕೇಳಿದೆ — ಇದು ಯಾರ ಕಡೆಯಿಂದ ಬಂತು?

"ಯಾರ ಕಡೆಯಿಂದಲೂ ಅಲ್ಲಮ್ಮ. ಕೆಲವು ಮಕ್ಕಳಿಗೆ ಹೀಗಾಗುತ್ತದೆ. ಯಾರ ತಪ್ಪೂ ಇಲ್ಲ."

ಆ ಮಾತನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಮರುದಿನ ಅಂಗಳದಲ್ಲಿ ಕೇರಿಯ ಹೆಂಗಸರು ಈರುಳ್ಳಿ ಹೆಣೆದು ಗೊಂಚಲು ಕಟ್ಟುತ್ತಿದ್ದರು. ಹೆದ್ದಾರಿಯ ಬದಿಗೆ ತೂಗುಹಾಕಿ ಮಾರಲು. ಎಲ್ಲರೆದುರು ನಾಗವೇಣಿ ಅಂದಳು:

"ಅತ್ಗೆ, ಗ್ರಹಣದ ದಿವ್ಸ ನೀವು ಕತ್ರಿ ಹಿಡ್ಕಂಡು ಕೂತದ್ದು ನಾ ಕಂಡಿದ್ದೆ. ಬ್ಯಾಡ ಅಂದ್ರೆ ಕೇಳಿದ್ರಾ? ಡಿಗ್ರಿ ಆದೋರಿಗೆ ಗ್ರಹಣ ಹಿಡುದಿಲ್ಲ ಅಲ್ದಾ."

"ಇವ್ಳು ಓದಿದ್ದು ಹೆಚ್ಚಾಗಿ ಹೊಟ್ಟೆಲಿದ್ದದ್ರ ಎದೆಗೆ ತೂತು ಬಿತ್ತು," ಎಂದರು ಅತ್ತೆ.

ಹೆಂಗಸರು ನಕ್ಕರು. ಗ್ರಹಣದ ದಿನ ನಾನು ಕತ್ತರಿಸುತ್ತಿದ್ದುದು ಹಳೆಯ ಹತ್ತಿಯ ಸೀರೆ, ಹುಟ್ಟುವ ಮಗುವಿನ ಬಟ್ಟೆಗೆಂದು. ನನ್ನ ಮಗು ಬದುಕುವುದೋ ಇಲ್ಲವೋ ಎನ್ನುವ ಹೊತ್ತಿನಲ್ಲಿ ನಕ್ಕವರು — ಇವರಿಗೂ ಹೊಟ್ಟೆ ಉರಿಯಬೇಕು ಎಂದಷ್ಟೇ ಅನ್ನಿಸಿತು.

ಆ ಮನೆಯಲ್ಲಿ ಇಂಗ್ಲಿಷಿನ ಕಾಗದ ಯಾವುದೇ ಬರಲಿ, ಓದಿ ಹೇಳುವವಳು ನಾನು. ನಾನು ಹೇಳಿದ್ದೇ ಕಾಗದದಲ್ಲಿರುವುದು ಎಂದು ಅವರ ನಂಬಿಕೆ. ನಾಗವೇಣಿಗೆ ಕರ್ಕಿ ಊರಿನ ಸಂಬಂಧ ನಿಶ್ಚಯವಾಗಿತ್ತು. ವರನ ಸೋದರತ್ತೆ ರವಿಕೆಯ ಅಳತೆಗೆಂದು ಬರುವವಳಿದ್ದಳು. ನಾಲ್ಕು ದಿನ ಮಂಗಳೂರಿನಿಂದ ತಂದ ಸ್ಕ್ಯಾನಿನ ವರದಿಯನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಆಕೆ ಬಂದು ಕುಳಿತು ಚಹಾ ಕೈಗೆತ್ತಿಕೊಂಡ ಮೇಲೆ ತಂದು ಬಿಡಿಸಿದೆ.

"ಎಂತ ಬರ್ದೀರು ಅದ್ರಾಗೆ?" ಎಂದು ಆಕೆಯೇ ಕೇಳಿದಳು.

"ಇದು ಅಪ್ಪನ ಮನೆ ರಕ್ತದಿಂದ ಬಂದದ್ದಂತೆ. ಆ ಮನೆ ಹೆಣ್ಮಕ್ಕಳ ಹೊಟ್ಟೆಲೂ ಬರೂದಂತೆ."

ನನ್ನ ಬೆರಳು ಆಗ ಮಗುವಿನ ತೂಕ ಬರೆದಿದ್ದ ಸಾಲಿನ ಮೇಲಿತ್ತು.

ಆಕೆ ಅಳತೆ ತೆಗೆದುಕೊಳ್ಳದೆ ಎದ್ದಳು. ವಾರದೊಳಗೆ, ಜಾತಕ ಕೂಡುವುದಿಲ್ಲ ಎಂದು ಹೇಳಿಕಳಿಸಿದರು. ನಾಗವೇಣಿ ಹಿತ್ತಿಲಲ್ಲಿ ಕುಳಿತು ಅತ್ತಳು. ನಾನು ಅಡುಗೆಮನೆಯಲ್ಲಿ ಆ ಅಳುವನ್ನು ಕೇಳುತ್ತ ಊಟ ಮಾಡಿದೆ. ಬಹಳ ದಿನಗಳ ನಂತರ ಅನ್ನ ರುಚಿಸಿತು. ಇದನ್ನು ಬರೆಯದೆ ಬಿಡಬಹುದಿತ್ತು — ಬಿಡಬಾರದು.

ಮಗಳು ಹುಟ್ಟಿದಳು. ಅತ್ತರೆ ತುಟಿ ನೀಲಿಯಾಗುತ್ತಿತ್ತು. ಎಂಟನೆಯ ತಿಂಗಳಿಗೆ ಶಸ್ತ್ರಚಿಕಿತ್ಸೆಗೆ ಕರೆ ಬಂದಾಗ ನಮ್ಮ ಕೈ ಬರಿದಾಗಿತ್ತು. ನಾಗವೇಣಿ ತನ್ನ ಮದುವೆಗೆಂದು ಮಾಡಿಸಿಟ್ಟಿದ್ದ ಬಳೆ, ಸರಗಳನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ತಕಳಿ ಅತ್ಗೆ. ನಮ್ಮನೆ ರಕ್ತದಿಂದ ಬಂದದ್ದು, ನಮ್ಮನೆ ಚಿನ್ನದಾಗೇ ಹೋಗ್ಲಿ. ಅವತ್ತು ನಿಮ್ಗೆ ಸುಮ್ನೆ ಅಂದೆ."

ಸತ್ಯ ಹೇಳಲು ಅದಕ್ಕಿಂತ ತಕ್ಕ ಗಳಿಗೆ ಇರಲಿಲ್ಲ. ಹೇಳಿದರೆ ಚಿನ್ನವನ್ನು ಹಿಂದಕ್ಕೆ ತೆಗೆದುಕೊಂಡಾಳೇನೋ — ಅದು ಹೆದರಿಕೆ. ಆದರೆ ಹೆದರಿಕೆಯೊಂದೇ ಅಲ್ಲ. ಅವಳು ತಲೆ ತಗ್ಗಿಸಿ ನಿಂತದ್ದನ್ನು ನೋಡುವ ಆಸೆ ಇನ್ನೂ ತೀರಿರಲಿಲ್ಲ. ಚಿನ್ನವನ್ನು ತೆಗೆದುಕೊಂಡೆ. "ಆತು," ಎಂದೆ. ಅಷ್ಟೇ.

ಅನಂತರ ಬಂದ ಎರಡು ಸಂಬಂಧಗಳೂ ಅದೇ ಮಾತು ಕೇಳಿ ತಿರುಗಿ ಹೋದವು. ನಾನು ಬಾಯಿ ಬಿಡಲಿಲ್ಲ. ಮಗಳು ಅಂಗನವಾಡಿಗೆ ಹೋಗುವಷ್ಟಾದಳು. ಅವಳನ್ನು ದಿನವೂ ಎತ್ತಿಕೊಂಡು ಹೋಗಿ ಬಿಟ್ಟುಬರುತ್ತಿದ್ದವಳು ನಾಗವೇಣಿ. "ನಾ ಮದಿ ಆಗುದಿಲ್ಲ, ಇನ್ನೊಂದು ಕೂಸಿಗೆ ಈ ಕಷ್ಟ ಬ್ಯಾಡ," ಎಂದು ಅವಳು ನೆರೆಯವಳಿಗೆ ಹೇಳುತ್ತಿದ್ದುದನ್ನು ಕಳೆದ ವರ್ಷ ಕೇಳಿಸಿಕೊಂಡೆ. ಆ ಸಂಜೆ ಎಲ್ಲರನ್ನೂ ಕೂರಿಸಿ ಸತ್ಯ ಹೇಳಿದೆ. ಅತ್ತೆ ಶಪಿಸಿದರು. ಗಂಡ ಎದ್ದು ಹೊರಗೆ ಹೋದರು. ನಾಗವೇಣಿ ಕೇಳಿದ್ದು ಒಂದೇ: "ಚಿನ್ನ ಕೊಟ್ಟ ದಿವ್ಸನೂ ನಿಮ್ಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

ಈಗ ನಾಗವೇಣಿ ಭಟ್ಕಳದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೊಲಿಗೆ ಅಂಗಡಿಗೆ ಹೋಗುತ್ತಾಳೆ. ಅತ್ತೆ ಬೇರೆ ಒಲೆ ಹೂಡಿದ್ದಾರೆ. ಗಂಡ ಮಗಳ ವಿಷಯವಿದ್ದರೆ ಮಾತ್ರ ನನ್ನೊಡನೆ ಮಾತನಾಡುತ್ತಾರೆ. ಮಗಳು ಆರೋಗ್ಯವಾಗಿದ್ದಾಳೆ. ಅವಳನ್ನು ನೋಡಲು ನಾಗವೇಣಿ ತಿಂಗಳಿಗೊಮ್ಮೆ ಬರುತ್ತಾಳೆ, ನಾನು ಮನೆಯಲ್ಲಿಲ್ಲದ ದಿನ ಕೇಳಿಕೊಂಡು. ಆ ದಿನ ನಾನು ಬೆಳಿಗ್ಗೆಯೇ ಹೊರಟುಬಿಡುತ್ತೇನೆ.