ಅಳು ಬರಿಸುವ ಗುಳಿಗೆ ಕೇಳಿದ ಮೈಲವ್ವ

2023ರ ಬೇಸಿಗೆಯ ಹೊತ್ತಿಗೆ ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕನಾಗಿದ್ದೆ. ಆಪ್ತಸಮಾಲೋಚಕ ಎಂದರೆ ಕೌನ್ಸೆಲರ್. ಕೌನ್ಸೆಲರ್ ಎಂದರೆ ಏನು ಎಂಬುದು ಕೊಟ್ಟೂರಿನ ನಮ್ಮ ಮನೆಯಲ್ಲಿ ಇವತ್ತಿಗೂ ಬಗೆಹರಿದಿಲ್ಲ. 'ಮಂದಿ ಮಾತು ಕೇಳಿದ್ದಕ್ಕ ನಮ್ಮ ಕೊಟ್ರೇಶಿಗೆ ಪಗಾರ ಕೊಡ್ತಾರಂತ, ಅದೂ ಇವನಿಗೆ!' ಎಂದು ನಮ್ಮಪ್ಪ ಕಂಡವರಿಗೆಲ್ಲ ಹೇಳುತ್ತಾನೆ. ಅವನ ಆಶ್ಚರ್ಯದಲ್ಲಿ ನ್ಯಾಯವಿದೆ. ಹುಟ್ಟಿದಾಗಿನಿಂದ ನಾನು ಯಾರ ಮಾತನ್ನೂ ಪೂರ್ತಿ ಕೇಳಿದವನಲ್ಲ. ಅರ್ಧ ಕೇಳುವಷ್ಟರಲ್ಲಿ ಅವರ ದನಿ ನನ್ನ ಬಾಯಿಗೆ ಬಂದುಬಿಡುತ್ತದೆ.

ಮಿಮಿಕ್ರಿ ನನ್ನ ಚಟ. ಎಂಎಸ್‌ಡಬ್ಲ್ಯೂ ಓದುವಾಗ ಹರಪನಹಳ್ಳಿ, ಹಡಗಲಿ ಕಡೆಯ ಮದುವೆಗಳಲ್ಲಿ ಆರ್ಕೆಸ್ಟ್ರಾದ ನಡುವೆ ಹತ್ತು ನಿಮಿಷ ಜನರನ್ನು ನಗಿಸಿ ಬಸ್ ಖರ್ಚು ಹುಟ್ಟಿಸಿಕೊಳ್ಳುತ್ತಿದ್ದೆ. ಆಸ್ಪತ್ರೆಗೆ ಸೇರಿದ ಮೇಲೆ ಸರಕು ಇನ್ನೂ ಹೆಚ್ಚಾಯಿತು. ಫಾರ್ಮಸಿಸ್ಟ್ ಸೀನುವುದು, ಆಂಬುಲೆನ್ಸ್ ಡ್ರೈವರ್ ಹೆಂಡತಿಯೊಂದಿಗೆ ಫೋನಿನಲ್ಲಿ ಮೆತ್ತಗಾಗುವುದು, ಎಲ್ಲ ನನ್ನ ಸ್ಟಾಕಿನಲ್ಲಿತ್ತು. ತಿಂಗಳಿಗೊಂದು ಮಂಗಳವಾರ ಜಿಲ್ಲಾ ಕೇಂದ್ರದಿಂದ ಬರುತ್ತಿದ್ದ ಮನೋವೈದ್ಯೆ ಮೈಸೂರು ಕಡೆಯವರು. 'ಏನಮ್ಮಾ, ನಿದ್ದೆ ಚೆನ್ನಾಗ್ ಬರ್ತಾ ಇದ್ಯಾ?' ಎಂದು ನಾನು ಅವರ ಹಾಗೆ ಕೇಳಿದರೆ ಗೋಡೆಯಾಚೆ ಕೂತ ರೋಗಿಗಳು 'ಹ್ಞೂಂ ಮೇಡಂ' ಎನ್ನುತ್ತಿದ್ದರು. ಮೇಡಂ ಇದನ್ನು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆ ಪ್ರಸಂಗ ಬೇಡ ಬಿಡಿ.

ಅಂಥದೊಂದು ಮಂಗಳವಾರ ಮೈಲವ್ವ ಬಂದಳು. ಹೆಸರು ಬದಲಿಸಿದ್ದೇನೆ. ತಂಬ್ರಹಳ್ಳಿ ಕಡೆಯವಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ಉಳ್ಳಾಗಡ್ಡಿ ಕೊಯ್ಲಿನ ಕಾಲದಲ್ಲಿ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಹೋಗುವ ಮುಂದಾಳು. ನಮ್ಮ ಕ್ಲಿನಿಕ್ಕಿಗೆ ಹೆಂಗಸರು ಒಬ್ಬರೇ ಬರುವುದು ಕಡಿಮೆ. ಗಂಡನೋ ಅತ್ತೆಯೋ ಕರೆತಂದು, ರೋಗವನ್ನೂ ಅವರೇ ಹೇಳಿ, ಔಷಧಿಯನ್ನೂ ಅವರೇ ಇಸಿದುಕೊಳ್ಳುತ್ತಾರೆ. ಇವಳು ಒಬ್ಬಳೇ ಬಂದು, ಚೀಟಿಯನ್ನು ಮೇಜಿನ ಮೇಲೆ ಒಗೆದು ಕೂತಳು.

'ಅಳಾಕ ಗುಳಿಗಿ ಐತೇನ್ರಿ ನಿಮ್ಮಲ್ಲಿ?'

ಅಳು ನಿಲ್ಲಿಸುವುದಕ್ಕೆ ಕೇಳುವವರನ್ನು ಕಂಡಿದ್ದೆ. ಬರಿಸುವುದಕ್ಕೆ ಕೇಳಿದವಳು ಇವಳೇ ಮೊದಲು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! 'ಉಳ್ಳಾಗಡ್ಡಿ ಗುಂಪಿನಾಕಿ ನೀವ ಹಿಂಗಂದ್ರ ಹೆಂಗಕ್ಕಾ? ಎರಡು ಗಡ್ಡಿ ಹೆಚ್ಚಿದ್ರ ಮುಗೀತು' ಎಂದೆ.

ಅವಳು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. 'ಹೆಚ್ಚೀನಿ. ಕಣ್ಣು ಅತ್ತಾವು, ನಾ ಅತ್ತಿಲ್ಲ' ಎಂದಳು.

ಅವಳ ತೊಂದರೆ ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ತಿಳಿದಿರಬೇಕು. ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಮಾಡಿದ ಕೆಲಸ, ಆಡಿದ ಜಗಳ ಎಲ್ಲವನ್ನೂ ರಾಗದಲ್ಲಿ ಅವರಿಗೇ ಹೇಳಿ ಅಳುವುದು. ಅದನ್ನು ಒಬ್ಬಳು ಎತ್ತಿಕೊಡಬೇಕು, ಉಳಿದವರು ಹಿಡಿಯಬೇಕು. ಆ ದೊಡ್ಡ ಸದ್ದಿನ ಮರೆಯಲ್ಲಿ ಹೊರಗೆ ಕಟ್ಟೆಯ ಮೇಲೆ ಕೂತ ಗಂಡಸರೂ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಬೆವರು ಎಂಬಂತೆ. ಮೈಲವ್ವನ ಊರಿನಲ್ಲಿ ಎತ್ತಿಕೊಡುವವಳು ಅವಳೇ. ಯಾರ ಮನೆಯಲ್ಲಿ ಹೆಣ ಬಿದ್ದರೂ ಮೊದಲು ಮೈಲವ್ವನಿಗೆ ಹೇಳಿಕಳಿಸುತ್ತಿದ್ದರು.

ಅಂಥವಳ ಸ್ವಂತ ತಾಯಿ ನಿಂಗವ್ವ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಊರೆಲ್ಲ ಬಂದು ಕೂತಿತು. ಮೈಲವ್ವನ ಬಾಯಿಯಿಂದ ಒಂದು ಸ್ವರ ಹೊರಡಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಹನ್ನೊಂದನೇ ದಿನದ ಕಾರ್ಯದಲ್ಲೂ ಇಲ್ಲ. ಅಲ್ಲಿಂದ ಅವಳ ಅಣ್ಣ ಬಸಣ್ಣ ಮಾತು ಬಿಟ್ಟ. ಊರಿನವರು ಮಾತು ಹಚ್ಚಿದರು. ಮೈಯಲ್ಲಿ ಗಾಳಿ ಸೇರಿದೆ ಎಂದರು. ಈಗ ವರ್ಷದ ಕಾರ್ಯ ಹತ್ತಿರ ಬರುತ್ತಿತ್ತು. ಅವತ್ತೂ ಅಳದಿದ್ದರೆ ಹೊಳೆ ದಂಡೆಯಲ್ಲಿ ಗಾಳಿ ಬಿಡಿಸುವವನೊಬ್ಬನ ಹತ್ತಿರ ಒಯ್ದು ಬಿಡುವುದೆಂದು ಅಣ್ಣ ತೀರ್ಮಾನಿಸಿದ್ದ. ಅಲ್ಲಿ ಕಂಬಕ್ಕೆ ಕಟ್ಟಿ ಬೇವಿನ ಬರಲಿನಿಂದ, ಅಂದರೆ ಕಡ್ಡಿಗಳ ಕಟ್ಟಿನಿಂದ, ಬಡಿಯುತ್ತಾರೆ.

'ಬಡತಕ್ಕ ಅಂಜಾಂಗಿಲ್ಲ ನಾನು' ಎಂದಳು ಮೈಲವ್ವ. 'ಆದ್ರ ನನ್ನ ಮೈಯಾಗ ಯಾರೂ ಇಲ್ಲ. ಇಲ್ಲದವರನ್ನ ಬಿಡಸ್ತೀವಿ ಅಂತ ಬಂದ್ರ ನಾ ಬಿಟ್ಟುಕೊಡಾಂಗಿಲ್ಲ.'

ನಾನು ಸ್ಕ್ರೀನಿಂಗ್ ಶುರು ಮಾಡಿದೆ. ಅಂದರೆ ರೋಗದ ಸುಳಿವು ಹಿಡಿಯಲು ಕೇಳುವ ಗೊತ್ತುಪಡಿಸಿದ ಪ್ರಶ್ನೆಗಳು. ದುಃಖ ಆಗುತ್ತದೆಯೇ? ಇಲ್ಲ. ಹೆದರಿಕೆ? ಇಲ್ಲ. ಸಾಯಬೇಕು ಅನ್ನಿಸುತ್ತದೆಯೇ? ಅದೂ ಇಲ್ಲ. ಯಾರಾದರೂ ಮಾತಾಡಿದಂತೆ ಕೇಳಿಸುತ್ತದೆಯೇ? 'ನಿಮ್ಮ ದನಿ ಕೇಳಸ್ತೈತಿ, ಅದ ಸಾಕಾಗೇತಿ.' ಎಲ್ಲಕ್ಕೂ ಇಲ್ಲ ಎಂದರೆ ನಮ್ಮ ಲೆಕ್ಕದಲ್ಲಿ ಆರೋಗ್ಯವಂತಳು. ಹಾಗೆಯೇ ಹೇಳಿ ಮೇಡಂ ಮುಂದೆ ಕೂರಿಸಿದೆ.

ಮೇಡಂ ಪ್ರಶ್ನೆಯನ್ನೇ ತಿರುಗಿಸಿದರು. 'ಏನಮ್ಮಾ, ಮೊದಲು ಇದ್ದದ್ದು ಈಗ ಏನೇನು ಇಲ್ಲ?'

ಮೈಲವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಹಾಗೆ ಕೇಳಿದವರು ಯಾರೂ ಇರಲಿಲ್ಲವೇನೋ. 'ಉಣ್ತೀನಿ, ರುಚಿ ಹತ್ತಾಂಗಿಲ್ರಿ. ಮಕ್ಕಳು ಬಂದು ತಬ್ಬಿಕೊಂಡ್ರ ತೂಕ ಗೊತ್ತಾಗ್ತೈತಿ, ಹಂಬಲ ಗೊತ್ತಾಗಾಂಗಿಲ್ಲ. ಗಂಡ ಬೈದ್ರ ಸಿಟ್ಟು ಬರವಲ್ದು. ಮೊಬೈಲು ಸೈಲೆಂಟಿಗಿ ಇಟ್ಟಂಗ ಆಗೇತ್ರಿ ಒಳಗ. ಫೋನು ಬರ್ತಾವ, ಸದ್ದಿಲ್ಲ.'

ಮೇಡಂ ನನಗೆ ಆಮೇಲೆ ವಿವರಿಸಿದರು. ಖಿನ್ನತೆ ಎಂದರೆ ಅಳುತ್ತ ಕೂರುವುದು ಎಂದೇ ಜನ ತಿಳಿದಿದ್ದಾರೆ, ನಾನೂ ಸೇರಿ. ಕೆಲವರಲ್ಲಿ ಅದು ದುಃಖವಾಗಿ ಬರುವುದಿಲ್ಲ, ಎಲ್ಲ ಭಾವನೆಗಳನ್ನೂ ಒಟ್ಟಿಗೆ ಆರಿಸಿಬಿಡುತ್ತದೆ. ಎಮೋಷನಲ್ ನಂಬ್‌ನೆಸ್ ಎನ್ನುತ್ತಾರೆ. ಪ್ರೀತಿ ಇಲ್ಲದ್ದಕ್ಕೆ ಹೀಗಾಗುವುದಿಲ್ಲ. ಮೈಲವ್ವನಿಗೂ ಅವರು ಇದನ್ನೇ ಹೇಳಿದರು. ರಕ್ತಪರೀಕ್ಷೆ ಮಾಡಿಸಿ ಗುಳಿಗೆ ಬರೆದುಕೊಟ್ಟರು. ಇದು ಅಳು ಬರಿಸುವ ಗುಳಿಗೆಯಲ್ಲ, ಕೆಲಸ ಮಾಡಲು ವಾರಗಳು ಬೇಕು, ಮಧ್ಯೆ ಬಿಡಬಾರದು ಎಂದರು. ವಾರಕ್ಕೊಮ್ಮೆ ಬಂದು ನನ್ನ ಜೊತೆ ಮಾತಾಡಬೇಕು ಎಂದೂ ಸೇರಿಸಿದರು. ಮೈಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಈ ಹುಡುಗನ ಕೂಡ?' ಎಂದಳು.

ಮೊದಲೆರಡು ವಾರ ನನ್ನ ಎಲ್ಲ ಸರಕನ್ನೂ ಸುರಿದೆ. ಫಾರ್ಮಸಿಸ್ಟ್ ಸೀನಿದ, ಡ್ರೈವರ್ ಮೆತ್ತಗಾದ, ಮೇಡಂ ನಿದ್ದೆ ವಿಚಾರಿಸಿದರು. ಮದುವೆ ಮನೆಗಳಲ್ಲಿ ಹೊಟ್ಟೆ ಹಿಡಿದು ನಕ್ಕವರನ್ನು ಕಂಡ ನಾನು ಆ ಮುಖದಲ್ಲಿ ಒಂದು ನಗುವೂ ಕಾಣದೆ ಮತ್ತೆ ಮೊದಲಿನಿಂದ ಮಾಡಿದೆ.

'ತಮ್ಮಾ, ನಗಸಬ್ಯಾಡ' ಎಂದಳು ಕೊನೆಗೆ. 'ಊರಾನವರು ಅಳು ಅಂತಾರ, ನೀ ನಗು ಅಂತಿ. ಎಲ್ಲಾರೂ ನನ್ನ ಮಾರಿ ಮ್ಯಾಲ ಏನೋ ಒಂದು ಬೇಕು ಅಂತೀರಿ. ನನ್ನ ಮಾರಿ ನನಗ ಬಿಡ್ರಿ.'

ಬೈದಂತೆ ಕೇಳಿಸಲಿಲ್ಲ, ಹೊಲದ ಬದು ತೋರಿಸಿದಂತೆ ಹೇಳಿದಳು. ಅವತ್ತು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬಸ್ಸಿನಲ್ಲಿ ಬಾಯಿ ಬಿಡದೆ ಹೋದೆ. ಕಂಡಕ್ಟರ್ 'ಆರಾಮಿಲ್ಲೇನ್ರಿ?' ಎಂದು ಕೇಳಿದ.

ಮುಂದಿನ ವಾರ ನಾನು ಸುಮ್ಮನೆ ಕೂತೆ. ಅವಳೇ ಕೇಳಿದಳು. 'ಎಲ್ಲಾರದೂ ದನಿ ತಗೀತಿಯಂತ. ನಮ್ಮವ್ವಂದು ಬರ್ತೈತೇನು?'

ಬರುತ್ತಿತ್ತು. ನಿಂಗವ್ವ ಬಿಪಿ ಗುಳಿಗೆಗೆ ಪ್ರತಿ ತಿಂಗಳು ನಮ್ಮಲ್ಲಿಗೇ ಬರುತ್ತಿದ್ದಳು. ಫಾರ್ಮಸಿಸ್ಟನಿಗೆ ಬೈಯದೆ ಒಂದು ಸಲವೂ ಹೋದವಳಲ್ಲ. ಆದರೂ ಹಿಂಜರಿದೆ. 'ನಾನ ಕೇಳಾಕತ್ತೀನಲ್ಲ, ಮಾಡು' ಎಂದಳು. ಮಾಡಿದೆ. 'ಯಪ್ಪಾ, ಹ್ವಾದ ತಿಂಗಳ ಗುಳಿಗಿ ಕೆಂಪಗಿತ್ತು, ಈ ತಿಂಗಳ ಬೆಳ್ಳಗ್ಯಾಕ ಕೊಟ್ಟಿ?'

'ತಪ್ಪು' ಎಂದಳು ಮೈಲವ್ವ. 'ಮಾತಿಗಿ ಮೊದಲ ಕೆಮ್ಮತಿದ್ಲು. ಸಣ್ಣಗ. ಮಂದಿ ತನ್ನ ಕಡಿ ನೋಡ್ಲಿ ಅಂತ.'

ಕೆಮ್ಮಿದೆ. ಅದೂ ತಪ್ಪಾಗಿತ್ತು. ವಾರದಿಂದ ವಾರಕ್ಕೆ ಅವಳು ತಿದ್ದುತ್ತ ಹೋದಳು. ಅವ್ವ 'ಯಪ್ಪಾ' ಅನ್ನುವುದು ಸಿಟ್ಟು ಬಂದಾಗ ಮಾತ್ರ. ಸಂತೆಯಲ್ಲಿ ಒಂದು ದನಿ, ಬೀಗರ ಮುಂದೆ ಇನ್ನೊಂದು. ಸೊಸೆಗೆ ಬೈಯಬೇಕಾದರೆ ಎಮ್ಮೆಗೆ ಬೈಯುತ್ತಿದ್ದಳು. ಕೌನ್ಸೆಲಿಂಗ್ ನೋಟ್ಸಿನಲ್ಲಿ ಏನು ಬರೆಯುವುದೆಂದು ತಿಳಿಯದೆ 'ತಾಯಿಯ ಬಗ್ಗೆ ಮಾತುಕತೆ' ಎಂದಷ್ಟೇ ಬರೆದೆ. ಮೇಡಂ ಅದನ್ನು ಓದಿ, ನಡೆದದ್ದನ್ನು ನನ್ನಿಂದ ಕೇಳಿ, 'ಇದು ಯಾವ ಥೆರಪಿ ಕೊಟ್ರೇಶ್?' ಎಂದರು. ನನಗೂ ಗೊತ್ತಿಲ್ಲ ಎಂದೆ. ಅವಳು ಬೇಡ ಎಂದ ಕ್ಷಣ ನಿಲ್ಲಿಸಬೇಕು, ಗುಳಿಗೆ ತಪ್ಪಬಾರದು ಎಂದು ಎರಡು ಷರತ್ತು ಹಾಕಿ ಬಿಟ್ಟರು.

ಒಂದು ದಿನ ನಾನು ಹುರುಪಿನಲ್ಲಿ ಒಂದು ಹೆಜ್ಜೆ ಮುಂದೆ ಹೋದೆ. ನಿಂಗವ್ವನ ದನಿಯಲ್ಲಿ, ಮೂಗು ಎಳೆಯುತ್ತ, 'ಮೈಲೀ, ನನಗ ಒಂದು ಹನಿ ಕಣ್ಣೀರು ಹಾಕಬಾರದೇನವ್ವಾ?' ಎಂದುಬಿಟ್ಟೆ.

ಮೈಲವ್ವ ಮೇಜಿಗೆ ಕೈ ಬಡಿದ ರಭಸಕ್ಕೆ ನೀರಿನ ಲೋಟ ನೆಲಕ್ಕೆ ಉರುಳಿತು.

'ಬಾಯಿ ಮುಚ್ಚಲೇ! ನಮ್ಮವ್ವ ಯಾರ ಮುಂದೂ ಹಲ್ಲು ಗಿಂಜಿದಾಕಿ ಅಲ್ಲ! ಕಣ್ಣೀರು ಕೇಳ್ತಾಳಂತ! ಆಕಿ ಇದ್ದಿದ್ರ ನಿನ್ನ ಕಿವಿ ಹಿಂಡತಿದ್ಲು!'

ಅವಳು ಎದ್ದು ನಿಂತಿದ್ದಳು. ಮೂಗಿನ ಹೊಳ್ಳೆ ಅರಳಿತ್ತು. ನಾನು ಕಿವಿ ಮುಚ್ಚಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಸರಿದಿದ್ದೆ. ಆಮೇಲೆ ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ಎಂಬಂತೆ.

'ತಮ್ಮಾ, ಸಿಟ್ಟು ಬಂತಲ್ಲೋ' ಎಂದಳು ಮೆಲ್ಲಗೆ. 'ವರ್ಷಾತು.'

ಮೇಡಂ ನನಗೆ ಚೆನ್ನಾಗಿಯೇ ಬೈದರು. ಅವಳ ಸಿಟ್ಟು ನಿನ್ನ ಜಾಣತನದ ಫಲವೆಂದು ಬೀಗಬೇಡ, ಗುಳಿಗೆ ನಾಟಲು ಶುರುವಾಗಿದೆ, ಒಂದು ಭಾವನೆ ಬಂದಿದೆ, ಉಳಿದವು ಬಂದಾಗ ಬರುತ್ತವೆ ಎಂದರು. ಅವರು ಬೈದದ್ದನ್ನು ನಾನು ಇವತ್ತಿಗೂ ಚಾಚೂ ತಪ್ಪದೆ ಮಾಡಿ ತೋರಿಸಬಲ್ಲೆ.

ವರ್ಷದ ಕಾರ್ಯದ ದಿನಕ್ಕೆ ಅವಳೇ ನನ್ನನ್ನು ಕರೆದಳು. ಸಾಕ್ಷಿಗೆ ಒಬ್ಬರಿರಲಿ ಎಂದಳು. ಹೋಳಿಗೆ ಇರುತ್ತದೆ ಎಂದು ನಾನು ಬೇಗ ಒಪ್ಪಿದೆ. ಮನೆ ತುಂಬ ಬೀಗರು. ನಿಂಗವ್ವನ ಫೋಟೊಗೆ ಹಾರ ಹಾಕಿ ಎಡೆ ಇಟ್ಟಿದ್ದರು. ಹೆಂಗಸರು ಸುತ್ತ ಕೂತು ಮೈಲವ್ವನ ಬಾಯಿ ನೋಡುತ್ತಿದ್ದರು. ಬಾಗಿಲ ಹೊರಗೆ ನಿಲ್ಲಿಸಿದ್ದ ಟಂಟಂ ಗಾಡಿ ಊಟಕ್ಕೆ ಬಂದವರದ್ದಲ್ಲ, ಹೊಳೆ ದಂಡೆಗೆ ಹೋಗಲು ಬಸಣ್ಣ ಗೊತ್ತು ಮಾಡಿದ್ದು ಎಂದು ಪಕ್ಕದವರು ಹೇಳಿದರು. ನನಗೆ ಹೋಳಿಗೆ ಮರೆತುಹೋಯಿತು.

ಸೋದರತ್ತೆಯೊಬ್ಬಳು ಶುರು ಮಾಡಿದಳು. 'ಎತ್ತವ್ವಾ ಮೈಲೀ. ಹೆತ್ತಾಕಿಗಿ ಒಂದು ಮಾತು ಹಾಡವ್ವಾ. ಮಂದಿ ಮನ್ಯಾಗ ಗಂಟಲು ಹರಕೊಂಡಿ, ನಿಮ್ಮವ್ವಗ ಬರ ಬಂತೇನು?'

ಮೈಲವ್ವ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು.

'ಅತ್ತೀ, ನನ್ನ ಅಳು ಊಟ ಅಲ್ಲ, ಎಲಿ ಹಾಕಿದ ಕೂಡಲೆ ಬಡಿಸಾಕ. ಸುಳ್ಳು ಅಳಾಕ ನನಗ ಬರ್ತೈತಿ. ನಿಮಗ ಗೊತ್ತಾಗದಂಗ ಅಳ್ತೀನಿ. ಆದ್ರ ನಮ್ಮವ್ವನ ಮುಂದ ಸುಳ್ಳು ಹೇಳಾಂಗಿಲ್ಲ. ನನ್ನ ಒಳಗ ಖಾಲಿ ಆಗೇತಿ. ಅದು ರೋಗ, ಗುಳಿಗಿ ನುಂಗಾಕತ್ತೀನಿ. ಗಾಳಿ ಅಂತ ಯಾರರ ಅಂದ್ರ, ಬರ್ರಿ ಮುಂದಕ್ಕ. ಟಂಟಂ ನಿಂತೈತಿ, ಅವರನ್ನ ಹತ್ತಸ್ತೀನಿ.'

ಯಾರೂ ಮುಂದೆ ಬರಲಿಲ್ಲ. ಬಂದದ್ದು ಬಸಣ್ಣ. ಆಳೆತ್ತರದ ಮನುಷ್ಯ, ಹೆಂಗಸರ ನಡುವೆ ದಾರಿ ಮಾಡಿಕೊಂಡು ತಂಗಿಯ ಎದುರು ಬಂದು ನಿಂತ. ಕೈ ಎತ್ತುತ್ತಾನೆಂದು ನಾನು ಎದ್ದೆ. ಎದ್ದು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಅವನ ತೋಳು ನನ್ನ ತೊಡೆಯಷ್ಟಿತ್ತು.

'ಮೈಲೀ, ನೀ ಎತ್ತಲಿಲ್ಲ ಅಂದ್ರ ನಾ ಹೆಂಗ ಅಳ್ಲೆವ್ವಾ?' ಎಂದ. ದನಿ ಒಡೆದಿತ್ತು. 'ವರ್ಷಾತು. ನೀ ಎತ್ತತಿ, ಆ ಸದ್ದಿನಾಗ ನಂದೊಂದು ಹೋಗ್ಲಿ ಅಂತ ಕುಂತೀನಿ. ನೀ ಬಾಯಿ ಬಿಡವಲ್ಲಿ. ನಾ ಎಲ್ಲಿ ಹೋಗಿ ಅಳ್ಲಿ?'

ಗಾಳಿ, ಹೊಳೆ ದಂಡೆ, ಬೇವಿನ ಬರಲು, ಎಲ್ಲದರ ಹಿಂದೆ ಇದ್ದದ್ದು ಇಷ್ಟು. ಇಡೀ ಮನೆಗೆ ಅದು ಒಟ್ಟಿಗೇ ಗೊತ್ತಾಯಿತು.

ಮೈಲವ್ವ ಅಣ್ಣನ ಹೆಗಲ ಮೇಲಿನ ಟವೆಲ್ಲನ್ನು ಎಳೆದುಕೊಂಡಳು. ಅವನು ಮುಖ ಮುಚ್ಚಿಕೊಳ್ಳಲು ಏನೂ ಉಳಿಯಲಿಲ್ಲ. ಅವನ ಕೈ ಹಿಡಿದು ಫೋಟೊದ ಮುಂದೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. 'ಇಲ್ಲೇ ಅಳು. ನನ್ನ ಸದ್ದು ಯಾಕ ಬೇಕು? ನಾ ಎಲ್ಲೂ ಹೋಗಾಂಗಿಲ್ಲ' ಎಂದಳು.

ಬಸಣ್ಣ ಅತ್ತ. ರಾಗವಿಲ್ಲ, ಮಾತಿಲ್ಲ, ಎತ್ತಿಕೊಡುವವರಿಲ್ಲ. ಅಷ್ಟು ಜನರ ಮುಂದೆ ಒಬ್ಬ ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವನು ಮುಗಿಸುವ ತನಕ ಮೈಲವ್ವ ಒಣಗಣ್ಣಿನಲ್ಲಿ, ಟವೆಲ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಅಳು ಎಂದು ಕೇಳುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಟಂಟಂ ಖಾಲಿ ಹೋಯಿತು.

ಅವಳ ಚಿಕಿತ್ಸೆ ಮುಂದುವರಿಯಿತು. ರುಚಿ ನಿಧಾನವಾಗಿ ಮರಳಿತು. ಒಂದು ಸಲ ಮೆಣಸಿನಕಾಯಿ ಹಿಂಡಿ ಎಂಬ ಚಟ್ನಿ ತಂದು, 'ಇದು ಖಾರ ಐತಿ ಅಂತ ನನಗ ಗೊತ್ತಾತು, ನಿನಗೂ ಗೊತ್ತಾಗ್ಲಿ' ಎಂದು ಕೊಟ್ಟಳು. ಸಿಟ್ಟಂತೂ ದಿನಾ ಬರುತ್ತದಂತೆ, ಗಂಡ ಸಾಕ್ಷಿ. ಕೆಲವು ದಿನ ಒಳಗೆ ಮತ್ತೆ ಸದ್ದಡಗುತ್ತದೆ. ಆಗ ಅವಳು ಅದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. 'ಇವತ್ತು ನಾ ಖಾಲಿ ಅದೀನಿ' ಎಂದು ಗುಂಪಿನ ಹೆಂಗಸರಿಗೆ ಹೇಳಿ ಉಳ್ಳಾಗಡ್ಡಿ ಕೀಳುತ್ತಾಳೆ.

ಈ ಕೆಲಸ ನನಗೆ ಕಲಿಸಿದ್ದು ಇದು. ಒಳಗೆ ಏನೂ ಇಲ್ಲ ಎನ್ನುವವರಿಗೆ ಏನಾದರೂ ತುಂಬಲು ಓಡಬೇಡಿ. ಅಳು, ನಗು, ಗಾಳಿ, ಬುದ್ಧಿಮಾತು, ನನ್ನಂಥವನ ಮಿಮಿಕ್ರಿ, ಯಾವುದನ್ನೂ. ವೈದ್ಯರ ಹತ್ತಿರ ಕರೆದೊಯ್ಯಿರಿ, ಆಮೇಲೆ ಪಕ್ಕದಲ್ಲಿ ಕೂತಿರಿ. ಅವತ್ತು ಮೈಲವ್ವ ಕೂತ ರೀತಿಯನ್ನು ಕಲಿಯಲು ನಾನು ಇನ್ನೂ ಒದ್ದಾಡುತ್ತಿದ್ದೇನೆ. ಬಾಯಿ ಮುಚ್ಚಿಕೊಂಡಿರಬೇಕಲ್ಲ, ಅದೇ ತೊಂದರೆ.

ಇದನ್ನು ಬರೆಯಲೇ ಎಂದು ಕೇಳಲು ಫೋನ್ ಮಾಡಿದ್ದೆ. ಹೊಲದಲ್ಲಿದ್ದಳು. ನಿಂಗವ್ವನ ಹಾಗೆಯೇ ಮೊದಲು ಸಣ್ಣಗೆ ಕೆಮ್ಮಿದಳು.

'ಬರಕೋ ತಮ್ಮಾ. ಆದ್ರ ಕಡೀಗಿ ನನ್ನ ಅಳಸಿದಿ ಅಂದ್ರ ನೋಡು!'